ಗಿರ್ಜಾದ ನಡುವೆ ಕಟ್ಟಿದ ಪರದೆ

ಚರ್ಚುಗಳಲ್ಲಿ ಈಗ ಊರಿನವರನ್ನೆಲ್ಲ ಕರೆದು ಸಮಾಜ, ಸಂಸ್ಕೃತಿ, ತಂತ್ರಜ್ಞಾನ ಎಂದು ಸಭೆ ನಡೆಸುತ್ತಾರೆ. ಇದು ಹೊಸ ಕಾಲದ ಹೊಸ ವಿಚಾರ ಎಂದು ಯಾರಾದರೂ ನನ್ನೆದುರು ಹೇಳಿದರೆ ಮೊದಲು ನಗು ಬರುತ್ತದೆ, ಬೆನ್ನಿಗೇ ಸಿಟ್ಟು ಬರುತ್ತದೆ. ಹೊಸದಂತೆ! ನಿಜಾಮರ ಕಾಲದಲ್ಲೇ ನಮ್ಮಪ್ಪ ಕಮಲಾಪುರದ ಗಿರ್ಜಾದಲ್ಲಿ ನೀರೆತ್ತುವ ಎಣ್ಣೆ ಎಂಜಿನ್ನಿನ ಬಗ್ಗೆ ಸಭೆ ನಡೆಸಿದ್ದಾನೆ. ಮೈಕು ಇರಲಿಲ್ಲ, ಕುರ್ಚಿ ಇರಲಿಲ್ಲ, ನೆಲಕ್ಕೆ ಗೋಣಿತಟ್ಟು ಹಾಸಿದ್ದೆವು. ಅಷ್ಟೇ ವ್ಯತ್ಯಾಸ.

ನಮ್ಮಪ್ಪ ಆ ಒಂದು ಖೋಲಿಯ ಗಿರ್ಜಾ ನೋಡಿಕೊಳ್ಳುತ್ತಿದ್ದ. ಕಲಬುರಗಿಯಿಂದ ಪಾಸ್ಟರು ಬಾರದ ವಾರ ತಾನೇ ಪ್ರಾರ್ಥನೆ ನಡೆಸುತ್ತಿದ್ದ. ಆ ಕಾಲದಲ್ಲಿ ನಾಲ್ಕು ಮಂದಿ ಕೂಡಿ ಸಭೆ ಮಾಡಬೇಕೆಂದರೆ ಸರ್ಕಾರದ ಪರವಾನಗಿ ಬೇಕಿತ್ತು. ಪ್ರಾರ್ಥನೆಗೆ ಬೇಕಿರಲಿಲ್ಲ. ಹಾಗಾಗಿ ಸಂತೆಯ ದಿನ ಅಪ್ಪ ಎಲ್ಲರನ್ನೂ ಪ್ರಾರ್ಥನೆಗೆ ಕರೆಯುತ್ತಿದ್ದ. ಒಂದು ಹಾಡು, ಒಂದು ಸಣ್ಣ ಪ್ರಾರ್ಥನೆ, ಆಮೇಲೆ ಎಂಜಿನ್ನು, ಇಲ್ಲವೇ ಹಿಟ್ಟಿನ ಗಿರಣಿ, ಇಲ್ಲವೇ ಹೆರಿಗೆ ಕೋಣೆಯ ಸ್ವಚ್ಛತೆ. ಠಾಣೆಯ ಜವಾನ ಬಂದು, “ಏನ್ ನಡದದ ಇಲ್ಲಿ?” ಎಂದರೆ ಅಪ್ಪ ಮುಖ ಅಲುಗಿಸದೆ, “ದೇವರ ಪ್ರಾರ್ಥನಾರಿ. ಬರ್ರಿ, ನೀವೂ ಕೂಡ್ರಿ,” ಎನ್ನುತ್ತಿದ್ದ. ಜವಾನ ಕೂಡುತ್ತಿದ್ದ, ಎಂಜಿನ್ನಿನ ಮಾತು ಬಂದಾಗ ಅವನೂ ಕಿವಿ ನಿಗುರಿಸುತ್ತಿದ್ದ.

ನಾವು ಯಾವ ಓಣಿಯಿಂದ ಬಂದು ಕ್ರೈಸ್ತರಾದವರು ಎಂಬುದು ಊರಿಗೆಲ್ಲ ಗೊತ್ತಿತ್ತು. ಅದಕ್ಕೇ ಕೆಲವರು ಒಳಗೆ ಬಂದು ನಮ್ಮ ಪಕ್ಕ ಕೂಡುತ್ತಿರಲಿಲ್ಲ. ಹೊರಗೆ ಬೇವಿನ ಮರದ ಕೆಳಗೆ ನಿಂತು ಕಿಟಕಿಯಲ್ಲಿ ಮುಖ ತೂರಿಸಿ ಕೇಳುತ್ತಿದ್ದರು. ಅಪ್ಪ ಅವರನ್ನು ಒಳಗೆ ಬನ್ನಿ ಎಂದು ಬೇಡಿಕೊಳ್ಳಲಿಲ್ಲ, ಹೋಗಿ ಎಂದೂ ಹೇಳಲಿಲ್ಲ. ಹೊಸ್ತಿಲ ಮೇಲೆ ಕುಳಿತು, ಹೊರಗಿನವರ ಪ್ರಶ್ನೆಯನ್ನು ಒಳಗಿನವರಿಗೆ, ಒಳಗಿನವರ ಪ್ರಶ್ನೆಯನ್ನು ಹೊರಗಿನವರಿಗೆ ಗಟ್ಟಿಯಾಗಿ ಒದರುತ್ತಿದ್ದ. ಒಮ್ಮೆ ಬಾಳೆ ಬೆಳೆಯುವ ಗೌಡರೊಬ್ಬರು ಕಿಟಕಿಯಿಂದಲೇ, “ನಿಮ್ಮ ಮಂದಿ ಎಂಜಿನ್ ಚಾಲೂ ಮಾಡಿದ್ರ ಆ ನೀರು ನಮ್ಮ ತ್ವಾಟಕ್ಕ ನಡೀತದೇನು?” ಎಂದು ಕೇಳಿದರು. ಅಪ್ಪ ಆ ಪ್ರಶ್ನೆಯನ್ನು ಒಂದು ಅಕ್ಷರ ಬಿಡದೆ ಒಳಗೆ ಒದರಿದ. ಎಲ್ಲರೂ ತಲೆ ತಗ್ಗಿಸಿದರು. ಆಮೇಲೆ ಕಿಟಕಿಯ ಕಡೆ ತಿರುಗಿ, “ಬಾಳಿ ಗಿಡಕ್ಕ ಕೇಳ್ರಿ ಗೌಡ್ರ. ಅದು ಒಲ್ಲೆ ಅಂದ್ರ ನೀರು ಬಿಡಬ್ಯಾಡ್ರಿ,” ಎಂದ. ಬೇವಿನ ಕೆಳಗೆ ನಿಂತವರೇ ಮೊದಲು ನಕ್ಕರು. ಪ್ರಶ್ನೆ ದಾಟಿಸುವ ಈ ಕೆಲಸವನ್ನು ನಾನು ಅಲ್ಲಿಯೇ ಕಲಿತೆ. ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳಬೇಕು, ಮೆತ್ತಗೆ ಮಾಡಬಾರದು.

ಪೋಲೀಸ್ ಆಕ್ಷನ್ ಆದಾಗ ನಾನು ಕಲಬುರಗಿಯಲ್ಲಿ ಮಿಶನ್ನಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರಾಗಿದ್ದೆ, ಮದುವೆಯಾಗಿರಲಿಲ್ಲ, ಅದೇ ಕಾಂಪೌಂಡಿನಲ್ಲಿ ಇರುತ್ತಿದ್ದೆ. ನಿಜಾಮರ ರಾಜ್ಯ ಮುಗಿಯಿತು ಎಂದು ಊರು ಕುಣಿಯಿತು. ನಾನೂ ಕುಣಿದೆ, ಅದರಲ್ಲಿ ಮುಚ್ಚುಮರೆ ಇಲ್ಲ. ನಿಜಾಮರ ಪರವಾಗಿ ಊರೂರು ಸುಲಿದ ರಜಾಕಾರರ ಹೆಸರು ಕೇಳಿ ನಡುಗಿದ ದಿನಗಳು ನಮಗೂ ಇದ್ದವು. ಆದರೆ ಕುಣಿತದ ಮರುವಾರವೇ ಕೋಟೆಯ ಸುತ್ತಿನ ಮುಸಲ್ಮಾನರ ಗಲ್ಲಿಗಳಲ್ಲಿ ಮನೆಗಳ ಬಾಗಿಲು ಹಾಕಿದ್ದು ಹಾಕಿದ ಹಾಗೇ ಇದ್ದವು. ರಜಾಕಾರರ ಮುಖವನ್ನೇ ಕಾಣದ ಗಂಡಸರೂ ಆ ಮನೆಗಳಿಂದ ಹೊರಗೆ ಹೋಗಿ ತಿರುಗಿ ಬರಲಿಲ್ಲ.

ಹಾಗೆ ಹೋದವರಲ್ಲಿ ಒಬ್ಬ ಊರ ಹೊರಗಿನ ಸುಂಕದ ನಾಕಾದ ಸಿಪಾಯಿ. ಅವನ ಹೆಂಡತಿ ಎರಡು ಮಕ್ಕಳನ್ನು ಕಟ್ಟಿಕೊಂಡು ಕೆಲವು ದಿನ ನಮ್ಮ ಕಾಂಪೌಂಡಿನಲ್ಲಿ ಉಳಿದಳು, ಗಲಾಟೆ ತಣ್ಣಗಾದ ಮೇಲೆ ಕೋಟೆ ಕಡೆಯ ತನ್ನ ಮನೆಗೆ ಹೋದಳು. ನನಗಿಂತ ತುಸು ಹಿರಿಯಳು, ನಾನು ಅಕ್ಕನೆಂದು ಆಪಾ ಎನ್ನುತ್ತಿದ್ದೆ, ಅವಳು ನನ್ನನ್ನು ಮರ್ಯಾದೆಯಿಂದ ಬಾಯಿ ಎನ್ನುತ್ತಿದ್ದಳು. ಗಂಡ ಸತ್ತನೋ ಬದುಕಿದ್ದಾನೋ ಹೇಳುವವರಿರಲಿಲ್ಲ, ಹಾಗಾಗಿ ಅಳುವುದಕ್ಕೂ ಆಧಾರವಿರಲಿಲ್ಲ. ಕೈಸೂಜಿಯಿಂದ ಮಂದಿಯ ಬಟ್ಟೆ ಹೊಲಿದು ಮಕ್ಕಳಿಗೆ ರೊಟ್ಟಿ ಕಾಣಿಸುತ್ತಿದ್ದಳು. ಕಂದೀಲಿನ ಬೆಳಕಿನಲ್ಲಿ ಹೊಲಿದು ಹೊಲಿದು ಅವಳ ಕಣ್ಣು ಕೆಂಪಗೆ ಇರುತ್ತಿದ್ದವು.

ಮುಂದಿನ ವರ್ಷ ನಮ್ಮ ದೊಡ್ಡ ಗಿರ್ಜಾದಲ್ಲಿ ಶನಿವಾರದ ಸಭೆಗಳು ಶುರುವಾದವು. ಊರು ಒಡೆದಿದೆ, ಮಂದಿ ಒಂದೆಡೆ ಕೂಡಲಿ ಎಂಬುದು ಪಾಸ್ಟರ ಆಸೆ. ಒಳ್ಳೆಯ ಮನುಷ್ಯ, ಆದರೆ ಗಟ್ಟಿಯಾಗಿ ಮಾತಾಡುವವರು ಕಂಡರೆ ಕರಗಿಬಿಡುತ್ತಿದ್ದರು. ಗಿರ್ಜಾ ಪರಂಗಿಯವರದ್ದು ಎಂಬ ಮಾತು ಬರಬಾರದೆಂದು ಸಭೆಯ ಅಧ್ಯಕ್ಷತೆಗೆ ಊರಿನ ವಕೀಲರೊಬ್ಬರನ್ನು ಕರೆತಂದರು. ಇವರು ನಿಜಾಮರ ಜೇಲು ಕಂಡು ಬಂದವರು, ಹಿಂದೂ ಮನೆತನದವರು, ಖಾದಿ ಹಾಕುತ್ತಿದ್ದರು. ಅವರ ಪ್ರತಿ ಭಾಷಣದಲ್ಲೂ ಜೇಲಿನ ಮಾತು, ಮನೆಯವರು ಒಬ್ಬರೂ ನೋಡಲು ಬರಲಿಲ್ಲ ಎಂಬ ಮಾತು ಬರುತ್ತಿತ್ತು. ಆ ನೋವು ಸುಳ್ಳಲ್ಲ.

ಒಂದು ವಾರ ಕುಟುಂಬ, ಒಂದು ವಾರ ಭಾಷೆ, ಒಂದು ವಾರ ರೇಡಿಯೋ. ಬ್ಯಾಟರಿ ರೇಡಿಯೋ ತಂದು ವೇದಿಕೆಯ ಮೇಲಿಟ್ಟ ದಿನ ಗಿರ್ಜಾದ ಬಾಗಿಲುಗಳಲ್ಲೂ ಮಂದಿ ನೇತಾಡಿದರು. ಆದರೆ ಕೋಟೆ ಕಡೆಯ ಹೆಂಗಸರು ಬರಲಿಲ್ಲ. ನಾನೇ ಮನೆಮನೆಗೆ ಹೋಗಿ ಕರೆದೆ. “ಪರದಾ ಅದ ಏನ್ ಬಾಯಿ?” ಎಂದು ಕೇಳಿದರು. ಇಲ್ಲವೆಂದರೆ ಬರುವುದಿಲ್ಲ, ಇದೆ ಎಂದರೆ ಬರುತ್ತಾರೆ, ಇದರಲ್ಲಿ ವಾದ ಮಾಡುವುದೇನಿದೆ? ಪರದೆ ಕಟ್ಟೋಣ ಎಂದೆ. ಗಿರ್ಜಾದ ಗಂಡಸರು ಉತ್ಸಾಹದಿಂದ ಕಟ್ಟಿದರು, ಅದೂ ಅಡ್ಡಲಾಗಿ, ಹೆಂಗಸರೆಲ್ಲ ಹಿಂದೆ ಬರುವ ಹಾಗೆ. ಆ ಶನಿವಾರ ಹೆಂಗಸರು ಭಾಷಣ ಮುಗಿಯುವ ತನಕ ಬಿಳಿ ಬಟ್ಟೆಯನ್ನೇ ನೋಡುತ್ತ ಕುಳಿತರು. ವೇದಿಕೆಯೂ ಇಲ್ಲ, ರೇಡಿಯೋವೂ ಇಲ್ಲ. ಮರುವಾರ ನಾನೇ ನಿಚ್ಚಣಿಕೆ ಹತ್ತಿ ಬಿಚ್ಚಿ, ಬಾಗಿಲಿನಿಂದ ವೇದಿಕೆಯ ತನಕ ಉದ್ದಕ್ಕೆ ಕಟ್ಟಿದೆ. ಈಗ ಎರಡೂ ಕಡೆಗೆ ವೇದಿಕೆ ಕಾಣುತ್ತಿತ್ತು. ಯಾರೂ ಮತ್ತೆ ಬಿಚ್ಚಿ ಅಡ್ಡ ಕಟ್ಟದಿರಲಿ ಎಂದು ಎರಡು ಗಂಟು ಹೆಚ್ಚಿಗೆ ಹಾಕಿದೆ.

ನಮಾಜಿನ ಮನೆಯವರು ಮಾತ್ರವಲ್ಲ, ಮುಖದ ಮೇಲೆ ಸೆರಗು ಎಳೆದುಕೊಳ್ಳುವ ಹಿಂದೂ ಮನೆಗಳ ಹಿರಿಯ ಹೆಂಗಸರೂ ಪರದೆಯ ಒಳಗೇ ಬಂದು ಕುಳಿತರು. ವಕೀಲರ ತಾಯಿಯೂ ಬರುತ್ತಿದ್ದರು, ಪ್ರತಿ ಸಲ ಮುಂದಿನ ಜಮಖಾನೆಯ ಮೇಲೆ ಅವರಿಗೊಂದು ಜಾಗ. ಪಕ್ಕದಲ್ಲಿ ಆಪಾಳ ಮಕ್ಕಳು ಮಲಗಿದರೆ ತೊಡೆಯ ಮೇಲೆ ಎಳೆದುಕೊಳ್ಳುತ್ತಿದ್ದರು. ನಾನು ಪರದೆಯ ತುದಿಯಲ್ಲಿ ಒಂದು ಕಾಲು ಆ ಕಡೆ, ಒಂದು ಕಾಲು ಈ ಕಡೆ ಇಟ್ಟು ಕೂಡುತ್ತಿದ್ದೆ. ಒಳಗಿನವರು ಪಿಸುಗುಟ್ಟಿದ ಪ್ರಶ್ನೆಯನ್ನು ಹೊರಗೆ ಹೇಳುವುದು ನನ್ನ ಕೆಲಸ.

ಒಂದು ಶನಿವಾರ ವಕೀಲರು ಸಂಸ್ಕೃತಿಯ ಮೇಲೆ ಮಾತಾಡಿದರು. ಹೊಸ ದೇಶದಲ್ಲಿ ಎಲ್ಲರ ಉಡುಗೆ, ಎಲ್ಲರ ನಡೆ ಒಂದೇ ರೀತಿ ಆಗಬೇಕು, ಆಗಲೇ ನಾವು ಒಂದಾಗುತ್ತೇವೆ ಎಂದರು. ಪರದೆಯ ಒಳಗಿನಿಂದ ಆಪಾ ನನ್ನ ಸೆರಗು ಜಗ್ಗಿದಳು. ನಾನು ಎದ್ದು ನಿಂತು ಅವಳು ಹೇಳಿದ ಹಾಗೆಯೇ ಹೇಳಿದೆ: “ಸಾಹೇಬ್ರ, ಎಲ್ಲಾರೂ ಒಂದೇ ಆದ ಮ್ಯಾಲ, ಗಂಡ ಮನಿಗೆ ಬರಲಾರದ ಹೆಂಗಸು ಯಾರ ಬಾಗಲಿಗೆ ಹೋಗಿ ಕೇಳಬೇಕು?”

ವಕೀಲರು ಪ್ರಶ್ನೆ ಕೇಳಿದವರನ್ನು ಬಿಟ್ಟು ನನ್ನನ್ನು ದುರುಗುಟ್ಟಿ ನೋಡಿದರು. ಪಾಸ್ಟರು ಗಡಿಬಿಡಿಯಿಂದ ಕೊನೆಯ ಹಾಡು ಶುರು ಮಾಡಿಸಿದರು.

ಆ ಚಳಿಗಾಲದಲ್ಲಿ ಮಿಶನ್ನಿನಿಂದ ಕಾಲಿನಿಂದ ತುಳಿಯುವ ಹೊಲಿಗೆ ಮಶೀನು ಬಂತು. ಸಭೆಗೆ ಬರುವ ಹೆಂಗಸರಿಗೆ ಅದರಲ್ಲಿ ಹೊಲಿಗೆ ಕಲಿಸಬೇಕು, ಕಲಿತವರಲ್ಲಿ ದುಡಿಯುವ ಗಂಡಸಿಲ್ಲದ ಒಬ್ಬಾಕೆಗೆ ಮಶೀನನ್ನೇ ಕೊಟ್ಟುಬಿಡಬೇಕು ಎಂದು ತೀರ್ಮಾನವಾಯಿತು. ಪರದೆಯ ಒಳಗೆ ಪಾಠ ನಡೆಯಿತು. ಉಳಿದವರು ಪಾದ ಮತ್ತು ಕೈಯ ತಾಳ ಕೂಡಿಸುವುದರೊಳಗೆ ಆಪಾ ಕುಪ್ಪಸದ ತೋಳು ಕೂಡಿಸಿ ಮುಗಿಸುತ್ತಿದ್ದಳು. ವಕೀಲರ ತಾಯಿ ಅವಳ ಹೊಲಿಗೆಯನ್ನು ಉಗುರಿನಿಂದ ಕೆರೆದು ನೋಡಿ, “ಬಿಚ್ಚೂ ಹಂಗಿಲ್ಲ ಬಿಡು,” ಎಂದಿದ್ದರು. ಮಶೀನು ಯಾರಿಗೆ ಹೋಗುತ್ತದೆ ಎಂಬುದರಲ್ಲಿ ಒಳಗೆ ಕುಳಿತ ಒಬ್ಬ ಹೆಂಗಸಿಗೂ ಅನುಮಾನವಿರಲಿಲ್ಲ. ಆಪಾ ಮನೆಯಲ್ಲಿ ಮಶೀನಿಡುವ ಮೂಲೆಯನ್ನು ಸಾರಿಸಿಯೂ ಇಟ್ಟಿದ್ದಳು.

ಆಗ ವಕೀಲರು ನಿಯಮ ತಂದರು. ಸಾರ್ವಜನಿಕ ವಸ್ತು ಸಾರ್ವಜನಿಕರ ಎದುರೇ ಕೊಡಬೇಕು. ಬೇಕೆನ್ನುವವರು ತುಂಬಿದ ಸಭೆಯ ಎದುರು ಕುಳಿತು ಹೊಲಿದು ತೋರಿಸಲಿ. ಅಂದು ಪರದೆ ಇರಬಾರದು. ಹೊಸ ಯಂತ್ರ ಬೇಕಾದವರು ಹಳೆಯ ಕತ್ತಲು ಬಿಟ್ಟು ಬರಲಿ. ಕೇಳಲಿಕ್ಕೆ ಎಷ್ಟು ಚಂದದ ಮಾತು! ಚಪ್ಪಾಳೆಯೂ ಬಿತ್ತು. ಯಾರನ್ನು ಹೊರಗಿಡಲಿಕ್ಕೆ ಈ ನಿಯಮ ಹುಟ್ಟಿತು ಎಂಬುದು ಚಪ್ಪಾಳೆ ತಟ್ಟಿದವರಿಗೂ ಗೊತ್ತಿತ್ತು.

ನಾನು ಪಾಸ್ಟರ ಮನೆಗೆ ಹೋಗಿ ಜಗಳವಾಡಿದೆ. “ಅಯ್ಯನೋರ, ಕೆಲಸಾ ಬರ್ತದೋ ಇಲ್ಲೋ ನೋಡ್ರಿ. ಪರದಾದ ಉಸಾಬರಿ ಯಾಕ?”

“ತಾಯಿ, ನಮಗ ಮೊದಲ ಪರಂಗಿ ಮಂದಿ ಅಂತಾರ. ಈಗ ರಜಾಕಾರರ ಹೆಂಡ್ರನ್ನ ಸಾಕಾಕತ್ತಾರ ಅಂದ್ರ ಶಾಲಿ ನಡಸೂದು ಹೆಂಗ?” ಎಂದು ಅವರು ಹಣೆ ಒರೆಸಿಕೊಂಡರು.

“ಅಕಿನ ಗಂಡ ನಾಕಾದಾಗ ಗಾಡಿ ನಿಲ್ಲಸತಿದ್ದ. ಅಷ್ಟ ಅವನ ರಾಜ್ಯ. ನಿಮಗೂ ಅದು ಗೊತ್ತದ.”

“ನೀ ಹಿಂಗ ಎದುರ ಮಾತಾಡಿದ್ರ ನಿನ್ನ ಕಮಲಾಪುರಕ್ಕ ಕಳಸಬೇಕಾಗ್ತದ ನೋಡು.”

“ಕಳಸ್ರಿ. ಅದೇನು ಕಾಲಾಪಾನಿ ಅಲ್ಲ. ನಮ್ಮೂರು,” ಎಂದು ಎದ್ದು ಬಂದೆ. ಜೂನ್ ತಿಂಗಳಲ್ಲಿ ಕಳಿಸಿದರೂ ಕಳಿಸಿದರು. ಅಲ್ಲಿಯೇ ಮೂವತ್ತು ಚಿಲ್ಲರೆ ವರ್ಷ ಪಾಠ ಹೇಳಿದೆ. ಒಂದು ದಿನವೂ ಅದನ್ನು ಶಿಕ್ಷೆ ಎಂದುಕೊಳ್ಳಲಿಲ್ಲ, ಹಾಗೆ ಅಂದುಕೊಳ್ಳಲಿ ಎಂದು ಕಾದವರಿಗೆ ನಿರಾಸೆಯಾಗಿರಬೇಕು.

ಆಪಾಳಿಗೆ ವಿಷಯ ಹೇಳಲು ಕೋಟೆ ಕಡೆ ಹೋದೆ. ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ದಾರದ ತುದಿಯನ್ನು ಹಲ್ಲಿನಿಂದ ಕಡಿದು ಹೇಳಿದಳು: “ಪರದಾ ಅವರದು, ತಗೀಲಿ. ಬುರ್ಖಾ ನಂದು. ಹಾಕ್ಕೊಂಡು ಬರ್ತೀನಿ, ಎಲ್ಲಾರ ಮುಂದೂ ಹೊಲೀತೀನಿ. ಆಗ ಏನಂತಾರ ನೋಡೂಣು.”

ಆ ಶನಿವಾರ ಗಿರ್ಜಾ ಕಿಕ್ಕಿರಿದಿತ್ತು. ಪರದೆ ಇರಲಿಲ್ಲ. ಹೆಂಗಸರು ಒಂದು ಕಡೆ ಸೆರಗು ಬಿಗಿಯಾಗಿ ಹಿಡಿದು ಕುಳಿತಿದ್ದರು, ಕೋಟೆ ಕಡೆಯವರು ಯಾರೂ ಬಂದಿರಲಿಲ್ಲ. ವೇದಿಕೆಯ ಕೆಳಗೆ ಮಶೀನು ಇಟ್ಟಿತ್ತು. ನಮ್ಮ ಗಿರ್ಜಾದವಳೇ ಆದ ಒಬ್ಬ ವಿಧವೆ ಮೊದಲು ಕುಳಿತಳು. ಅಷ್ಟು ಕಣ್ಣುಗಳ ಎದುರು ಅವಳ ಕಾಲು ತಪ್ಪಿ ದಾರ ತುಂಡಾಯಿತು, ಹಾಗೂ ಹೀಗೂ ಒಂದು ತೋಳು ಮುಗಿಸಿ ಎದ್ದಳು. ಆಮೇಲೆ ಬಾಗಿಲಲ್ಲಿ ಕಪ್ಪು ಬುರ್ಖಾ ಕಂಡಿತು. ಮಕ್ಕಳನ್ನು ಎರಡೂ ಕೈಯಲ್ಲಿ ಹಿಡಿದು ಆಪಾ ನಡುದಾರಿಯಲ್ಲಿ ನಡೆದು ಬಂದಳು. ಮಕ್ಕಳನ್ನು ನನ್ನ ಕೈಗೆ ಕೊಟ್ಟು ಮಶೀನಿನ ಮುಂದೆ ಕುಳಿತಳು. ಮುಖದ ಜಾಲರಿ ಇಳಿಬಿಟ್ಟಿತ್ತು, ಕೈ ಮಾತ್ರ ಹೊರಗೆ. ಚಕ್ರ ತಿರುಗಿತು.

ವಕೀಲರು ಎದ್ದು ನಿಂತರು. “ನಿಲ್ಲಸ್ರಿ. ಮೊದಲ ಮಾರಿ ತೋರಸಬೇಕು.”

ನಾನೂ ಎದ್ದೆ. “ಯಾಕ್ರಿ? ತೋಳು ನೋಡ್ರಿ, ಹೊಲಿಗಿ ನೋಡ್ರಿ. ಮಾರಿ ನೋಡಿ ಏನ್ ಮಾಡ್ತೀರಿ?”

“ಒಳಗ ಗಂಡಸ ಇದ್ದಾನೋ ಹೆಂಗಸ ಇದ್ದಾಳೋ ಯಾರಿಗೆ ಗೊತ್ತು? ಬುರ್ಖಾ ಹಾಕ್ಕೊಂಡು ಎಷ್ಟು ಮಂದಿ ರಜಾಕಾರರು ಓಡಿಹೋದ್ರು ಅಂತ ಊರಿಗೆಲ್ಲಾ ಗೊತ್ತದ.”

ಗಂಡಸರ ಕಡೆಯಿಂದ ಒಂದು ನಗು ಎದ್ದಿತು. ದೇವರ ಮನೆಯಲ್ಲಿ ಎದ್ದ ಆ ನಗುವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ, ಕ್ಷಮಿಸುವ ಮನಸ್ಸೂ ಇಲ್ಲ. ಪಾಸ್ಟರು ತಮ್ಮ ಬೂಟು ನೋಡುತ್ತ ನಿಂತಿದ್ದರು. ಆಪಾಳ ಕಾಲು ಮಶೀನಿನ ತುಳಿಯುವ ಪಟ್ಟಿಯ ಮೇಲೆ ನಿಂತಿತು. ಅವಳ ಸಣ್ಣ ಮಗಳು ನನ್ನ ಸೀರೆಯಲ್ಲಿ ಮುಖ ಹುದುಗಿಸಿದಳು. ಆ ಕ್ಷಣ ಆಪಾ ಎದ್ದು ಹೊರಟುಬಿಡುತ್ತಾಳೆ, ಇಲ್ಲವೇ ಜಾಲರಿ ಎತ್ತಿಬಿಡುತ್ತಾಳೆ ಎಂದು ನನಗೆ ಹೆದರಿಕೆಯಾಯಿತು. ಯಾವುದು ಮಾಡಿದರೂ ಅವಳು ಸೋತ ಹಾಗೆಯೇ.

ಹೆಂಗಸರ ಕಡೆ ಮುಂದಿನ ಸಾಲಿನಲ್ಲಿ ಒಬ್ಬರು ನೆಲಕ್ಕೆ ಕೈಯೂರಿ ಎದ್ದರು. ತಲೆಯ ಸೆರಗನ್ನು ಗದ್ದದ ತನಕ ಎಳೆದುಕೊಂಡಿದ್ದರು, ಮೂಗಿನ ತುದಿಯೂ ಕಾಣುತ್ತಿರಲಿಲ್ಲ. ನಡೆದು ಹೋಗಿ ಮಶೀನಿನ ಪಕ್ಕ ನಿಂತು ವಕೀಲರ ಕಡೆ ತಿರುಗಿದರು.

“ನಾ ಯಾರು, ಹೇಳು.”

“ಅವ್ವಾ, ಇದೇನು ಹಚ್ಚಿದಿ? ಕೂಡು ಹೋಗು,” ಎಂದರು ವಕೀಲರು.

“ಅವ್ವ ಅಂತ ಹೆಂಗ ತಿಳೀತು? ಮಾರಿ ಕಾಣ್ತದೇನು ನಿನಗ?”

“ನಿನ್ನ ದನಿ ನನಗ ಗುರ್ತಿಲ್ಲೇನು?”

“ನಿನಗ ಗುರ್ತ ಅದ. ಜೇಲಿನ ಬಾಗಲದಾಗ ನಿಂತ ಸಿಪಾಯಿಗೆ ಗುರ್ತ ಇರಲಿಲ್ಲ.”

ಮುದುಕಿ ದನಿ ಏರಿಸಲಿಲ್ಲ. ಮನೆಯ ಪಡಸಾಲೆಯಲ್ಲಿ ಕುಳಿತು ಹೇಳುವ ಹಾಗೆಯೇ ಹೇಳಿದರು.

“ನೀ ಒಳಗಿದ್ದಾಗ ನಾ ರೊಟ್ಟಿ ಗಂಟು ಕಟ್ಟಿಕೊಂಡು ಬಂದಿದ್ದೆ. ಸೆರಗ ತಗಿ, ಮಾರಿ ತೋರಸು ಅಂದ. ಮಗನ್ನ ನೋಡಾಕ ಬಂದೀನಪ್ಪಾ, ಹಿರೀ ಹೆಂಗಸಿದ್ದೀನಿ ಅಂದೆ. ಒಳಗ ಗಂಡಸ ಇದ್ದಾನೋ ಹೆಂಗಸ ಇದ್ದಾಳೋ ಯಾರಿಗೆ ಗೊತ್ತು ಅಂದ. ಇದ ಮಾತು. ಅಲ್ಲಿದ್ದ ಗಂಡಸರೂ ಹಿಂಗ ನಕ್ಕರು. ನಾ ಸೆರಗ ತಗೀಲಿಲ್ಲ. ಗಂಟು ತಿರಗಿ ಮನಿಗೆ ತಂದೆ. ಮನಿ ಮಂದಿ ಒಬ್ರೂ ನೋಡಾಕ ಬರಲಿಲ್ಲ ಅಂತ ನೀ ಎಲ್ಲಾರ ಮುಂದ ಹೇಳ್ತಿ. ನಾ ಬಂದಿದ್ದೆ.”

ಹೆಂಗಸರ ಸಾಲಿನಲ್ಲಿ ನಮ್ಮ ಕ್ರೈಸ್ತ ಹೆಂಗಸೊಬ್ಬಳು, ಹುಟ್ಟಿದಾಗಿನಿಂದ ಮುಖ ಮುಚ್ಚದವಳು, ಮೆಲ್ಲಗೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಅವಳನ್ನು ನೋಡಿ ಇನ್ನೊಬ್ಬಳು. ಮೊದಲು ಹೊಲಿದು ಎದ್ದಿದ್ದ ವಿಧವೆಯೂ. ನಾನು ಮಕ್ಕಳ ಕೈ ಬಿಡದೆ ಹಲ್ಲಿನಿಂದ ಸೆರಗು ಜಗ್ಗಿಕೊಂಡೆ. ಸೀರೆಯ ಒಳಗಿನಿಂದ ಏನೂ ಕಾಣುತ್ತಿರಲಿಲ್ಲ, ಕೇಳುತ್ತಿತ್ತು ಮಾತ್ರ. ಮಶೀನು ಮತ್ತೆ ಶುರುವಾಗಿತ್ತು. ಎಲ್ಲೂ ತಡವರಿಸಲಿಲ್ಲ, ದಾರ ತುಂಡಾಗಲಿಲ್ಲ. ಅದು ನಿಂತಾಗ ನಾನು ಸೆರಗು ಸರಿಸಿ ನೋಡಿದೆ. ಆಪಾ ಹೊಲಿದ ತೋಳನ್ನು ಎರಡೂ ಕೈಯಲ್ಲಿ ಹಿಡಿದು ವಕೀಲರ ಕಡೆ ಚಾಚಿದ್ದಳು.

ಅವರು ಅದನ್ನು ತೆಗೆದುಕೊಂಡರು, ಆದರೆ ನೋಡಲಿಲ್ಲ. ಅವರ ಕಣ್ಣು ತಾಯಿಯ ಸೆರಗಿನ ಮೇಲೆಯೇ ಇತ್ತು.

“ಎಷ್ಟೊತ್ತು ನಿಂತಿದ್ದಿ ಅವ್ವಾ?” ಎಂದರು. ಭಾಷಣ ಮಾಡುವ ಆ ದನಿಯೇ ಇರಲಿಲ್ಲ.

“ಅದು ಮನ್ಯಾಗ ಮಾತಾಡೂಣು. ಮೊದಲ ಅಕಿಗೆ ಮಶೀನ ಕೊಡು.”

ಹೊರಗೆ ಟಾಂಗಾ ಕರೆಸಿದರು. ಕಬ್ಬಿಣದ ಮಶೀನು, ಎತ್ತಲು ನಾಲ್ವರು ಬೇಕಾಯಿತು. ಮೂವರು ನಮ್ಮ ಗಿರ್ಜಾದ ಹುಡುಗರು. ನಾಲ್ಕನೆಯ ಮೂಲೆಯನ್ನು ವಕೀಲರು ಹಿಡಿದರು.